ಮೆಕ್ಕೆಜೋಳದ ನಂತರ ಹಾಕಿದ ಸೌತೆ ಯಾಕೆ ಒಣಗುತ್ತಿದೆ? ಕಳೆನಾಶಕದ ಉಳಿಕೆ ಪತ್ತೆ ಹಚ್ಚುವ ಬಗೆ

ಮುಂಗಾರಿನಲ್ಲಿ ಮೆಕ್ಕೆಜೋಳ ಬೆಳೆದ ಹೊಲ. ಹಿಂಗಾರಿಗೆ ಅದರಲ್ಲೇ ಡ್ರಿಪ್ ಎಳೆದು ಮಿಡಿಸೌತೆ ಹಾಕಿದ್ದೀರಿ. ಬೀಜ ಚೆನ್ನಾಗಿಯೇ ಮೊಳೆತಿದೆ. ಮೊದಲ ವಾರ ನೋಡಿದರೆ ಹೊಲ ತುಂಬಾ ಸಸಿ. ಎರಡನೇ ವಾರಕ್ಕೆ ಎಲೆಯ ಅಂಚು ಹಳದಿಗೆ ತಿರುಗುತ್ತದೆ. ಆಮೇಲೆ ಅಂಚು ಸುಟ್ಟ ಹಾಗಾಗುತ್ತದೆ. ಮೂರನೇ ವಾರಕ್ಕೆ ಸಾಲಿನಲ್ಲಿ ಬರೀ ಪೈಪು ಕಾಣುತ್ತದೆ.

ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಸೀಮೆಯಲ್ಲಿ ಇಂಥ ದೂರಿಗೆ ಬೇಗ ಸಿಗುವ ಉತ್ತರ ಎರಡು. ಬೀಜ ಸರಿ ಇಲ್ಲ, ಇಲ್ಲವೇ ಸತು ಕಡಿಮೆಯಾಗಿದೆ. ಎರಡಕ್ಕೂ ಅಂಗಡಿಯಲ್ಲಿ ಮದ್ದು ಸಿಗುತ್ತದೆ, ಅದಕ್ಕೇ ಇರಬೇಕು. ಆದರೆ ಜುಲೈನಲ್ಲಿ ಮೆಕ್ಕೆಜೋಳಕ್ಕೆ ಹೊಡೆದ ಕಳೆ ಔಷಧಿ ಇನ್ನೂ ಮಣ್ಣಿನಲ್ಲಿ ಕೂತಿರಬಹುದು ಎಂಬುದನ್ನು ಯಾರೂ ಮೊದಲು ಕೇಳುವುದಿಲ್ಲ. ಇಲ್ಲಿ ಹೇಳುತ್ತಿರುವುದು ಅದನ್ನು ಪತ್ತೆ ಹಚ್ಚುವ ಬಗೆ. ಉದಾಹರಣೆಗೆ ಮೆಕ್ಕೆಜೋಳ–ಸೌತೆ ಜೋಡಿಯನ್ನೇ ಹಿಡಿದಿದ್ದೇನೆ. ಸೋಯಾ ನಂತರದ ಬೆಳೆಗಳ ಮಾತು ನಡುವೆ ಬರುತ್ತದೆ.

ಮೆಕ್ಕೆಜೋಳ ಉಳಿಯುತ್ತದೆ, ಸೌತೆ ಯಾಕೆ ಉಳಿಯೋಲ್ಲ?

ಮೆಕ್ಕೆಜೋಳಕ್ಕೆ ಬಿತ್ತಿದ ಕೂಡಲೇ ಹೊಡೆಯುವುದು ಹೆಚ್ಚಾಗಿ ಅಟ್ರಾಜಿನ್ 50 ಪರ್ಸೆಂಟ್ ಪುಡಿ. ಇದು ಬೇರಿನ ಮೂಲಕ ಒಳಗೆ ಹೋಗಿ, ನೀರಿನ ಜೊತೆ ಎಲೆಗೆ ಏರಿ, ಅಲ್ಲಿ ಬಿಸಿಲಿನಿಂದ ಆಹಾರ ಮಾಡುವ ಕೆಲಸವನ್ನೇ ನಿಲ್ಲಿಸುತ್ತದೆ. ಮೆಕ್ಕೆಜೋಳದ ಒಳಗೂ ಇದು ಹೋಗುತ್ತದೆ. ಆದರೆ ಆ ಗಿಡ ಅಟ್ರಾಜಿನ್‌ಗೆ ಗ್ಲುಟಾಥಯೋನ್ ಎಂಬ ವಸ್ತುವನ್ನು ಅಂಟಿಸಿ ಅದರ ಹಲ್ಲು ಕಿತ್ತುಬಿಡುತ್ತದೆ. ಜೋಳ, ಕಬ್ಬಿಗೂ ಈ ಶಕ್ತಿ ಇದೆ. ಸೌತೆ, ಹುರುಳಿಕಾಯಿ, ಟೊಮ್ಯಾಟೊ, ಈರುಳ್ಳಿ, ಸಾಸಿವೆಗೆ ಇಲ್ಲ, ಅಥವಾ ಸಾಲದು. ಔಷಧಿ ಅದೇ, ಮಣ್ಣು ಅದೇ, ಗಿಡದ ತಾಳಿಕೆ ಮಾತ್ರ ಬೇರೆ.

ಇದರಿಂದ ಒಂದು ಸುಳಿವು ಸಿಗುತ್ತದೆ. ಅಟ್ರಾಜಿನ್ ಮೊಳಕೆಯನ್ನು ತಡೆಯುವುದಿಲ್ಲ. ಬೀಜದಲ್ಲಿ ಕೂಡಿಟ್ಟ ಆಹಾರ ಇರುವ ತನಕ ಸಸಿ ಆರಾಮಾಗಿರುತ್ತದೆ. ಅದು ಮುಗಿದು ಎಲೆಯೇ ದುಡಿಯಬೇಕಾದಾಗ ಕಷ್ಟ ಶುರು. ಹಾಗಾಗಿ ಬೀಜ ಮೊಳೆಯಲೇ ಇಲ್ಲ ಎಂದರೆ ಅಟ್ರಾಜಿನ್ ಮೇಲಿನ ಅನುಮಾನ ಬಿಡಿ. ಬೀಜ, ಇರುವೆ, ಮಣ್ಣಿನ ಹೆಪ್ಪು, ಸಸಿ ಕೊಳೆ ಇವುಗಳನ್ನು ನೋಡಿ.

ಎಲೆ ಕೀಳುವ ಮೊದಲು ಹೊಲ ಸುತ್ತಿ

ಎಲ್ಲರೂ ಮಾಡುವುದು ಒಂದೇ: ಕೆಟ್ಟ ಗಿಡ ಕಿತ್ತು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುವುದು. ಅಂಗಡಿಯವನಿಗೆ ಕಾಣುವುದು ಬಾಡಿದ ಎಲೆ. ಹೊಲ ಕಾಣುವುದಿಲ್ಲ. ಕಳೆನಾಶಕದ ಗುರುತು ಎಲೆಗಿಂತ ಹೊಲದ ಮೇಲೆ ಚೆನ್ನಾಗಿ ಬಿದ್ದಿರುತ್ತದೆ.

ಬದುವಿನ ಮೇಲೆ ನಿಂತು ನೋಡಿ. ಹಾನಿ ನೇರ ಪಟ್ಟೆಯಾಗಿದೆಯಾ? ಔಷಧಿ ಹೊಡೆದವರು ನಡೆದ ದಿಕ್ಕಿನಲ್ಲೇ ಇದೆಯಾ? ಬೆನ್ನಿನ ಪಂಪಿನಲ್ಲಿ ಹೊಡೆಯುವಾಗ ಒಂದು ಪಟ್ಟೆಯ ಅಂಚು ಇನ್ನೊಂದರ ಮೇಲೆ ಬಿದ್ದರೆ ಅಲ್ಲಿ ಎರಡು ಪಟ್ಟು ಬಿದ್ದಿರುತ್ತದೆ. ತಿರುಗಿಕೊಳ್ಳುವ ಜಾಗದಲ್ಲೂ ಹಾಗೇ. ಹೊಲದ ಎರಡೂ ತುದಿಯಲ್ಲಿ ಹಾನಿ ಜಾಸ್ತಿ, ನಡುವೆ ಕಡಿಮೆ ಇದ್ದರೆ ಇದೇ ಕಾರಣ ಇರಬಹುದು. ಡ್ರಮ್ ಇಟ್ಟು ಪುಡಿ ಕಲಸಿದ ಜಾಗ ಎಲ್ಲಿತ್ತು ಎಂದು ಕೂಲಿಯವರನ್ನು ಕೇಳಿ. ಅಲ್ಲಿ ಚೆಲ್ಲಿದ್ದು ಹೆಚ್ಚು, ಹಾಗಾಗಿ ಗಿಡ ಒಂದೂ ಉಳಿದಿರುವುದಿಲ್ಲ. ಪುಡಿ ತಳ ಕಟ್ಟುವ ಔಷಧಿ ಇದು. ಡ್ರಮ್ ಕಲಕದೆ ತುಂಬಿಸುತ್ತಾ ಹೋದರೆ ಕೊನೆಯ ಪಂಪುಗಳಲ್ಲಿ ಗಟ್ಟಿ ಔಷಧಿ ಹೋಗುತ್ತದೆ. ಅದು ಹೊಲದ ಯಾವ ಮೂಲೆಗೆ ಬಿತ್ತು ಅಂತ ಅವರಿಗೆ ನೆನಪಿರುತ್ತದೆ.

ಇನ್ನೊಂದು: ಹಳೆ ಗಡಿ. ಹೋದ ಮುಂಗಾರಿನಲ್ಲಿ ಅರ್ಧ ಹೊಲ ಮೆಕ್ಕೆಜೋಳ, ಅರ್ಧ ಶೇಂಗಾ ಇದ್ದು, ಈಗ ಪೂರ್ತಿ ಸೌತೆ ಹಾಕಿದ್ದರೆ, ಹಾನಿ ಆ ಹಳೆ ಗಡಿಗೆ ಗೆರೆ ಕೊರೆದ ಹಾಗೆ ನಿಲ್ಲುತ್ತದೆ. ರೋಗ, ಹುಳ ಯಾವುದೂ ಹಳೆ ಬೆಳೆಯ ಗಡಿ ನೋಡಿಕೊಂಡು ಬರೋದಿಲ್ಲ ಅಲ್ವಾ? ಈ ಒಂದು ಗುರುತು ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಹಾನಿ ಗಾಳಿ ಬೀಸುವ ಕಡೆಯ ಬದುವಿನಿಂದ ಶುರುವಾಗಿ ಒಳಗೆ ಹೋಗುತ್ತಾ ಕಡಿಮೆಯಾದರೆ ಅದು ಮಣ್ಣಿನ ಉಳಿಕೆ ಅಲ್ಲ, ಪಕ್ಕದ ಹೊಲದಿಂದ ಹಾರಿ ಬಂದದ್ದು. ಎಲೆ ಮುರುಟಿ, ಸಣ್ಣಗೆ ಎಳೆದ ಹಾಗಾಗಿದ್ದರೆ 2,4-ಡಿ ಎಂಬ ಕಳೆನಾಶಕ ಎಂದೇ ಹಿಡಿಯಬಹುದು. ಹತ್ತಿಯಲ್ಲಿ ಇದು ಬೇಗ ಗೊತ್ತಾಗುತ್ತದೆ, ಎಲೆ ಬೆಂಡೆ ಎಲೆಯ ಹಾಗೆ ಸೀಳುತ್ತದೆ. 2,4-ಡಿ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ಕರಗಿಹೋಗುವ ಔಷಧಿ. ಮುಂದಿನ ಬೆಳೆಯಲ್ಲಿ ಅದರ ಗುರುತು ಕಂಡರೆ ಸಾಮಾನ್ಯವಾಗಿ ತಪ್ಪು ಪಂಪಿನದು, ತೊಳೆಯದೆ ಕೀಟನಾಶಕಕ್ಕೆ ಬಳಸಿದ್ದು.

ಎಲೆ ಮತ್ತು ಬೇರು

ಈಗ ಗಿಡ ಕೀಳಿ. ಎಳೆಯಬೇಡಿ, ಕುರ್ಚಿಗೆಯಿಂದ ಸುತ್ತ ಅಗೆದು ಮಣ್ಣಿನ ಜೊತೆ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ. ಒಳ್ಳೆ ಗಿಡ ಒಂದು, ಕೆಟ್ಟದ್ದು ಒಂದು, ಆಗಷ್ಟೇ ಹಳದಿಯಾಗುತ್ತಿರುವುದು ಒಂದು, ಪಕ್ಕಪಕ್ಕ ಇಡಿ. ಪೂರ್ತಿ ಸತ್ತ ಗಿಡ ಏನೂ ಹೇಳೋದಿಲ್ಲ. ಆಗಷ್ಟೇ ಕೆಡುತ್ತಿರುವ ಗಿಡವೇ ಸಾಕ್ಷಿ.

ಅಟ್ರಾಜಿನ್ ಆದರೆ ಬೀಜದೆಲೆ ಮತ್ತು ಮೊದಲ ಎಲೆ ಮೊದಲು ಕೆಡುತ್ತವೆ, ಸುಳಿ ಸ್ವಲ್ಪ ಹೊತ್ತು ಹಸಿರಾಗಿರುತ್ತದೆ. ಹಳದಿ ಅಂಚಿನಿಂದ ಒಳಗೆ ಬರುತ್ತದೆ. ನೀರಿನ ಜೊತೆ ಏರಿದ ಔಷಧಿ ನೀರು ಆವಿಯಾಗುವ ಅಂಚಿನಲ್ಲಿ ಕೂಡಿಕೊಳ್ಳುವುದರಿಂದ ಹೀಗೆ. ಬೇರು ಮಾತ್ರ ಬಿಳಿಯಾಗಿ, ಚೆನ್ನಾಗಿಯೇ ಇರುತ್ತದೆ. ಮೋಡದ ದಿನಗಳಲ್ಲಿ ಸುಮ್ನೆ ಇದ್ದು, ಬಿಸಿಲು ಬಿದ್ದ ಎರಡು ದಿನಕ್ಕೆ ಒಮ್ಮೆಲೇ ಸುಟ್ಟ ಹಾಗಾದರೆ ಅನುಮಾನ ಇನ್ನೂ ಗಟ್ಟಿ. ಈ ಔಷಧಿ ಕೆಲಸ ಮಾಡುವುದೇ ಬಿಸಿಲಿದ್ದಾಗ. ಮೆಟ್ರಿಬುಜಿನ್ ಎಂಬ ಇನ್ನೊಂದು ಕಳೆನಾಶಕದ ಉಳಿಕೆಯೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಹಿಂದಿನ ಬೆಳೆ ಕಬ್ಬು, ಟೊಮ್ಯಾಟೊ ಅಥವಾ ಆಲೂಗಡ್ಡೆ ಆಗಿದ್ದರೆ ಅದನ್ನು ನೆನಪಿಡಿ.

ಬೆಳಗಾವಿ, ಧಾರವಾಡ, ಬೀದರ್ ಕಡೆ ಸೋಯಾಗೆ ಹೊಡೆಯುವ ಇಮಾಜೆಥಾಪಿರ್ ಬೇರೆ ಥರ. ಇದು ಸುಳಿಯನ್ನೇ ನಿಲ್ಲಿಸುತ್ತದೆ. ಹಳೆ ಎಲೆ ಹಸಿರು, ಹೊಸ ಎಲೆ ಹಳದಿ, ಗಿಡ ಕುಳ್ಳು. ನರಗಳಲ್ಲಿ ಕೆಲವೊಮ್ಮೆ ನೇರಳೆ ಬಣ್ಣ. ಬೇರು ತೊಳೆದು ನೋಡಿದರೆ ಕವಲು ಬೇರುಗಳೆಲ್ಲ ಮೊಟಕಾಗಿ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಕಾಣುತ್ತವೆ. ಗಿಡ ಸಾಯೋದಿಲ್ಲ, ಬೆಳೆಯೋದೂ ಇಲ್ಲ. ರೈತರು ಇದನ್ನು ಗೊಬ್ಬರ ಕಡಿಮೆಯಾಯಿತು ಅಂದುಕೊಂಡು ಯೂರಿಯಾ ಸುರಿಯುತ್ತಾರೆ.

ಪೆಂಡಿಮೆಥಾಲಿನ್ ಎಂಬ ಕಳೆನಾಶಕ ಆದರೆ ತೊಂದರೆ ಎಲೆಯಲ್ಲಿ ಅಲ್ಲ, ಬೇರಿನಲ್ಲಿ. ಬೇರಿನ ತುದಿ ದಪ್ಪಗೆ ಊದಿ ಮೊಂಡಾಗಿರುತ್ತದೆ. ಬೇರಿಗೆ ಗಂಟು ಕಟ್ಟಿಸುವ ಗಂಟುಹುಳದ ಬಾಧೆ ಅಂತ ತಪ್ಪು ತಿಳಿಯುವುದುಂಟು. ಗಂಟುಹುಳದ ಗಂಟು ಬೇರಿನ ಉದ್ದಕ್ಕೂ ಅಲ್ಲಲ್ಲಿ ಇರುತ್ತದೆ, ಇದು ತುದಿಯಲ್ಲಿ ಮಾತ್ರ. ಟೆಂಬೊಟ್ರಿಯೋನ್, ಟೋಪ್ರಮೆಜೋನ್ ಥರದ ಕಳೆನಾಶಕಗಳು ಹೊಸ ಎಲೆಯನ್ನು ಹಾಲಿನ ಹಾಗೆ ಬೆಳ್ಳಗೆ ಮಾಡುತ್ತವೆ, ಅದನ್ನು ಒಮ್ಮೆ ನೋಡಿದವರು ಮರೆಯೋದಿಲ್ಲ.

ಗ್ಲೈಫೋಸೇಟ್ ಬಗ್ಗೆ ಒಂದು ಮಾತು. ಹೊಲ ಕೆಟ್ಟರೆ ಊರಲ್ಲಿ ಮೊದಲು ಬೈಗುಳ ತಿನ್ನುವುದು ಅದೇ. ಆದರೆ ಅದು ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಬೇರಿಗೆ ಸಿಗೋದು ತೀರ ಕಡಿಮೆ. ಪ್ಯಾರಾಕ್ವಾಟ್ ಕೂಡ ಹಾಗೇ. ಅವುಗಳ ಮೇಲೆ ಬೇರೆ ದೂರು ಇರಬಹುದು. ಮುಂದಿನ ಬೆಳೆಯ ಸಸಿ ಒಣಗಿದ್ದಕ್ಕೆ ಮಾತ್ರ ಅವು ಕಾರಣ ಆಗೋದು ಅಪರೂಪ.

ಹಾಗೇ ಕಾಣುವ ಬೇರೆ ತೊಂದರೆಗಳು

ಪೊಟ್ಯಾಷ್ ಕೊರತೆಯಲ್ಲೂ ಹಳೆ ಎಲೆಯ ಅಂಚು ಸುಡುತ್ತದೆ. ಆದರೆ ಹನ್ನೆರಡು ದಿನದ ಸಸಿಯಲ್ಲಿ ಪೊಟ್ಯಾಷ್ ಕೊರತೆ ಇಷ್ಟು ಜೋರಾಗಿ ಬರೋದಿಲ್ಲ. ಉಪ್ಪು ನೀರಿನಿಂದಲೂ ಅಂಚು ಸುಡುತ್ತದೆ. ಆಗ ಡ್ರಿಪ್ಪಿನ ಹನಿ ಬೀಳುವ ಜಾಗದ ಸುತ್ತ ಒಣಗಿದ ಮೇಲೆ ಬಿಳಿ ಪದರ ಕಾಣುತ್ತದೆ, ಮತ್ತು ಹಾನಿಗೆ ಹೊಲದ ಪಟ್ಟೆಗೂ ಸಂಬಂಧ ಇರೋದಿಲ್ಲ.

ಎರೆ ಭೂಮಿಯಲ್ಲಿ ಜಾಸ್ತಿ ಗೊಂದಲ ಮಾಡುವುದು ಕಬ್ಬಿಣದ ಕೊರತೆ. ಹೊಸ ಎಲೆ ಹಳದಿ, ನರ ಹಸಿರು. ಇಮಾಜೆಥಾಪಿರ್ ಉಳಿಕೆಯನ್ನು ಇದು ಅಂತಲೂ, ಇದನ್ನು ಅದು ಅಂತಲೂ ತಿಳಿಯಬಹುದು. ಬೇರೆ ಮಾಡಲು ಸುಲಭ ದಾರಿ ಇದೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ಎರಡೇ ಸಾಲಿಗೆ ಸಿಂಪಡಿಸಿ, ಪಕ್ಕದ ಸಾಲು ಬಿಡಿ. ವಾರದಲ್ಲಿ ಆ ಎರಡು ಸಾಲು ಹಸಿರಾದರೆ ಕಬ್ಬಿಣವೇ. ಏನೂ ಬದಲಾಗದಿದ್ದರೆ ಬೇರು ತೊಳೆದು ನೋಡಿ. ಇಡೀ ಹೊಲಕ್ಕೆ ಹೊಡೆದುಬಿಟ್ಟರೆ ಹೋಲಿಸಲು ಏನೂ ಉಳಿಯೋದಿಲ್ಲ, ದುಡ್ಡು ಹೋದದ್ದು ಬೇರೆ.

ತಿಂಗಳು ಎಣಿಸಬೇಡಿ, ಮಣ್ಣು ಹಸಿಯಾಗಿದ್ದ ದಿನ ಎಣಿಸಿ

“ಔಷಧಿ ಹೊಡೆದು ನಾಲ್ಕು ತಿಂಗಳಾಯ್ತು, ಇನ್ನೂ ಇರುತ್ತಾ?” ಈ ಪ್ರಶ್ನೆಗೆ ಹೌದು, ಇಲ್ಲ ಎರಡೂ ಉತ್ತರ ಸರಿ. ಕಳೆನಾಶಕವನ್ನು ಕರಗಿಸುವುದು ಕಾಲ ಅಲ್ಲ, ಮಣ್ಣಿನ ಸೂಕ್ಷ್ಮಜೀವಿಗಳು ಮತ್ತು ನೀರು. ಬೆಚ್ಚಗಿನ ಹಸಿ ಮಣ್ಣಿನಲ್ಲಿ ಆ ಕೆಲಸ ಓಡುತ್ತದೆ. ಒಣ ಮಣ್ಣಿನಲ್ಲಿ ನಿಂತುಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಎಕರೆಗೆ ಒಂದು ಕೆಜಿ ಪುಡಿ ಹೊಡೆದಿದ್ದೀರಿ ಎಂದುಕೊಳ್ಳಿ. ಅದು ಶಿಫಾರಸಿಗಿಂತ ಜಾಸ್ತಿಯೇ, ಎಕರೆಗೆ 400ರಿಂದ 800 ಗ್ರಾಂ ಸಾಕು. ಆದರೂ ಕಳೆ ಜಾಸ್ತಿ ಅಂತ ಒಂದು ಕೆಜಿ ಹಾಕುವವರು ಇದ್ದಾರೆ. ಅರ್ಧ ಪುಡಿ ಮಾತ್ರ ಅಸಲಿ ಔಷಧಿ, ಅಂದರೆ 500 ಗ್ರಾಂ. ಅಟ್ರಾಜಿನ್ ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಹೇಳುವ ಸರಾಸರಿ 60 ದಿನ. ಆ ಲೆಕ್ಕದಲ್ಲಿ ನಾಲ್ಕು ತಿಂಗಳಿಗೆ 125 ಗ್ರಾಂ ಉಳಿಯಿತು. ಮಳೆ ಕೈಕೊಟ್ಟು ಅರ್ಧವಾಗಲು 120 ದಿನ ಬೇಕಾದರೆ ಅದೇ ನಾಲ್ಕು ತಿಂಗಳಿಗೆ 250 ಗ್ರಾಂ ಉಳಿದಿರುತ್ತದೆ. ಎಕರೆಗೆ 500 ಗ್ರಾಂ ಪುಡಿಯನ್ನು ನೆನ್ನೆ ತಾನೇ ಹೊಡೆದ ಹಾಗೆ! ಅದರ ಮೇಲೆ ಸೌತೆ ಬೀಜ ಹಾಕಿದರೆ ಏನಾಗುತ್ತದೆ ಎಂದು ಕೇಳಬೇಕಾಗಿಲ್ಲ.

2023ರ ಆಗಸ್ಟ್ ನೆನಪಿರಬಹುದು. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಕಡಿಮೆ ಮಳೆಯ ಆಗಸ್ಟ್ ಇನ್ನೊಂದಿಲ್ಲ. ಅಂಥ ವರ್ಷ ಉಳಿಕೆಯ ತೊಂದರೆ ಎರಡು ಕಡೆಯಿಂದ ಬರುತ್ತದೆ. ಒಂದು, ಔಷಧಿ ಕರಗಿರುವುದಿಲ್ಲ. ಎರಡು, ಒಣಗಿದ ಮೆಕ್ಕೆಜೋಳವನ್ನು ರೋಟಾವೇಟರ್ ಹೊಡೆದು ಅಲ್ಲೇ ಬೇರೆ ಬೆಳೆ ಬಿತ್ತುತ್ತಾರೆ. ಆಗ ನಡುವೆ ಸಿಗುವ ಸಮಯ ನಾಲ್ಕು ತಿಂಗಳೂ ಅಲ್ಲ, ಒಂದೂವರೆ ಎರಡು ತಿಂಗಳು. ಬರದಲ್ಲಿ ಮೊದಲೇ ಬೆಳೆ ಹೋಗಿರುತ್ತದೆ, ಮತ್ತೆ ಹಾಕಿದ್ದೂ ಹೋಗುತ್ತದೆ.

ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಕೂಡ ಮುಖ್ಯ. ಇಲ್ಲಿ ಎಲ್ಲ ಔಷಧಿಗೂ ಒಂದೇ ನಿಯಮ ಇಲ್ಲ. ಅಟ್ರಾಜಿನ್ ಕ್ಷಾರ ಮಣ್ಣಿನಲ್ಲಿ, ಅಂದರೆ ಪಿಎಚ್ 7.5 ದಾಟಿದ ಎರೆ ಭೂಮಿಯಲ್ಲಿ ಜಾಸ್ತಿ ದಿನ ಉಳಿಯುತ್ತದೆ. ಗೋಧಿಗೆ ಹೊಡೆಯುವ ಸಲ್ಫೋಸಲ್ಫ್ಯೂರಾನ್, ಮೆಟ್‌ಸಲ್ಫ್ಯೂರಾನ್ ಗುಂಪಿನವೂ ಕ್ಷಾರದಲ್ಲೇ ಗಟ್ಟಿ. ಇಮಾಜೆಥಾಪಿರ್ ಉಲ್ಟಾ, ಅದು ಹುಳಿ ಮಣ್ಣಿನಲ್ಲಿ ಉಳಿಯುತ್ತದೆ. ನಿಮ್ಮ ಮಣ್ಣು ಪರೀಕ್ಷೆಯ ಕಾರ್ಡ್ ಎಲ್ಲೋ ಬಿದ್ದಿರುತ್ತದೆ, ಅದರಲ್ಲಿ ಪಿಎಚ್ ನೋಡಿ.

ಲೇಬಲ್ಲಿನ ಅಂತರವನ್ನೂ ಓದಿ. ಇಮಾಜೆಥಾಪಿರ್ ಹೊಡೆದ ಹೊಲದಲ್ಲಿ ಗೋಧಿಗೆ 4 ತಿಂಗಳು, ಮೆಕ್ಕೆಜೋಳಕ್ಕೆ ಎಂಟೂವರೆ ತಿಂಗಳು, ಹತ್ತಿಗೆ 18 ತಿಂಗಳು, ಸಕ್ಕರೆ ಬೀಟ್‌ಗೆ 40 ತಿಂಗಳು ಬಿಡಬೇಕೆಂದು ಅಮೆರಿಕದ ಲೇಬಲ್ ಹೇಳುತ್ತದೆ. ಅಲ್ಲಿ ನೆಲ ಹೆಪ್ಪುಗಟ್ಟುವ ಚಳಿ, ಹಾಗಾಗಿ ಆ ತಿಂಗಳುಗಳನ್ನು ಹಾಗೇ ಇಲ್ಲಿಗೆ ತರುವಂತಿಲ್ಲ. ನಮ್ಮಲ್ಲಿ ಶಿಫಾರಸಿನ ಪ್ರಮಾಣ ಹೊಡೆದು ಮಳೆ ಚೆನ್ನಾಗಿ ಆದರೆ ಸೋಯಾ ನಂತರ ಗೋಧಿ, ಕಡಲೆ ಬರುತ್ತವೆ. ಆದರೆ ಯಾವ ಬೆಳೆ ಯಾವುದಕ್ಕಿಂತ ನಾಜೂಕು ಎಂಬ ಸಾಲು ಅಲ್ಲಿ ಸಿಗುತ್ತದೆ. ಸಕ್ಕರೆ ಬೀಟೇ ಅಷ್ಟು ನಾಜೂಕಾದರೆ ಅದೇ ಜಾತಿಯ ಬೀಟ್‌ರೂಟ್ ಹಾಕುವವರು ಯೋಚಿಸಬೇಕು.

ಒಂದು ವಿಚಿತ್ರವನ್ನೂ ಹೇಳಬೇಕು. ವರ್ಷವರ್ಷ ಅಟ್ರಾಜಿನ್ ಕಂಡ ಹೊಲದಲ್ಲೇ ಉಳಿಕೆ ಜಾಸ್ತಿ ಇರಬೇಕು ಅನ್ನಿಸುತ್ತದೆ. ಎಷ್ಟೋ ಸಲ ಹಾಗಲ್ಲ. ಅಂಥ ಮಣ್ಣಿನಲ್ಲಿ ಅಟ್ರಾಜಿನ್ ತಿನ್ನಲು ಕಲಿತ ಬ್ಯಾಕ್ಟೀರಿಯಾ ಬೆಳೆದಿರುತ್ತವೆ, ಔಷಧಿ ಬೇಗ ಖಾಲಿಯಾಗುತ್ತದೆ. “ಮೊದಲ ಸಲ ಹೊಡೆದದ್ದು, ಅಷ್ಟಕ್ಕೇ ಹೀಗಾಯ್ತಾ?” ಎಂದು ಕೇಳುವವರ ಮಾತು ನಿಜವೇ ಇರಬಹುದು.

ಕುಂಡದ ಪರೀಕ್ಷೆ

ಅನುಮಾನವನ್ನು ಖಚಿತ ಮಾಡುವುದು ಇದು. ಬಿತ್ತುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು. ಲ್ಯಾಬಿಗೆ ಮಣ್ಣು ಕಳಿಸಬಹುದು, ಆದರೆ ಖರ್ಚು ಬೀಳುತ್ತದೆ. ಜೊತೆಗೆ ಇಮಾಜೆಥಾಪಿರ್ ಥರದವು ಯಂತ್ರಕ್ಕೆ ಸುಲಭಕ್ಕೆ ಸಿಗದಷ್ಟು ಕಡಿಮೆ ಇದ್ದರೂ ಗಿಡಕ್ಕೆ ತಾಗುತ್ತವೆ. ಇಂಥ ಕಡೆ ಗಿಡವೇ ಒಳ್ಳೆ ಮೀಟರ್.

ಹಾನಿ ಇರುವ ಜಾಗದ ಐದಾರು ಕಡೆ ಮೇಲಿನ ನಾಲ್ಕು ಇಂಚಿನ ಮಣ್ಣು ತೆಗೆದು ಕಲಸಿ. ಔಷಧಿ ಯಾವತ್ತೂ ಬೀಳದ ಬದುವಿನಿಂದ ಅದೇ ಥರದ ಮಣ್ಣನ್ನು ಬೇರೆಯಾಗಿ ತನ್ನಿ. ಒಂದು ಕೆಂಪು, ಇನ್ನೊಂದು ಎರೆ ಆದರೆ ಪರೀಕ್ಷೆಗೆ ಅರ್ಥ ಇಲ್ಲ. ಒದ್ದೆ ಇದ್ದರೆ ನೆರಳಲ್ಲಿ ಆರಿಸಿ, ಬಿಸಿಲಿಗೆ ಹಾಕಬೇಡಿ. ಮೂರು ಥರದ ಕುಂಡ ಬೇಕು. ಮೊಸರಿನ ಡಬ್ಬಿಗೆ ತಳದಲ್ಲಿ ತೂತು ಮಾಡಿದರೂ ನಡೆಯುತ್ತದೆ. ಒಂದರಲ್ಲಿ ಅನುಮಾನದ ಮಣ್ಣು. ಒಂದರಲ್ಲಿ ಬದುವಿನ ಮಣ್ಣು. ಮೂರನೆಯದರಲ್ಲಿ ಅನುಮಾನದ ಮಣ್ಣಿಗೇ ಆಕ್ಟಿವೇಟೆಡ್ ಇದ್ದಿಲ ಪುಡಿ ಸೇರಿಸಿ, ಅರ್ಧ ಕೆಜಿಗೆ ಒಂದು ಟೀ ಚಮಚದಷ್ಟು, ಚೆನ್ನಾಗಿ ಕಲಸಿ. ಒಲೆಯ ಇದ್ದಿಲು ಆಗೋದಿಲ್ಲ, ನೀರು ಶುದ್ಧ ಮಾಡಲು ಬಳಸುವ ಥರದ್ದೇ ಬೇಕು. ಒಂದೊಂದರಲ್ಲೂ ಎರಡು ಮೂರು ಕುಂಡ ಇರಲಿ, ಒಂದೇ ಕುಂಡ ನಂಬಬೇಡಿ.

ಅಟ್ರಾಜಿನ್ ಅನುಮಾನಕ್ಕೆ ಸೌತೆ ಬೀಜ, ಇಮಾಜೆಥಾಪಿರ್‌ಗೆ ಸಾಸಿವೆ. ಇಲ್ಲವೇ ನೀವು ಹಾಕಬೇಕೆಂದಿರುವ ಬೆಳೆಯ ಬೀಜವನ್ನೇ ಹಾಕಿ. ಎಂಟು ಹತ್ತು ಬೀಜ, ಒಂದೇ ಆಳ, ಒಂದೇ ಅಳತೆಯ ನೀರು. ಕುಂಡಗಳು ಬಿಸಿಲಲ್ಲಿರಲಿ. ಜಗುಲಿಯ ನೆರಳಲ್ಲಿಟ್ಟರೆ ಅಟ್ರಾಜಿನ್ ಏನೂ ತೋರಿಸೋದಿಲ್ಲ, “ಮಣ್ಣು ಚೆನ್ನಾಗಿದೆ” ಅಂತ ಮೋಸ ಹೋಗುತ್ತೀರಿ. ಮೂರು ವಾರ ಕಾಯಬೇಕು. ಮೊಳಕೆ ನೋಡಿ ಮೂರನೇ ದಿನಕ್ಕೇ ಖುಷಿ ಪಡುವುದು ಬೇಡ.

ಬದುವಿನ ಮಣ್ಣಲ್ಲಿ ಗಿಡ ಚೆನ್ನಾಗಿ, ಅನುಮಾನದ ಮಣ್ಣಲ್ಲಿ ಕೆಟ್ಟು, ಇದ್ದಿಲು ಹಾಕಿದ್ದರಲ್ಲಿ ಚೇತರಿಸಿಕೊಂಡರೆ ಅದು ಕಳೆನಾಶಕವೇ. ಇದ್ದಿಲು ಅದನ್ನು ಹೀರಿಕೊಂಡು ಬೇರಿಗೆ ಸಿಗದ ಹಾಗೆ ಮಾಡಿದೆ. ಇದ್ದಿಲು ಹಾಕಿದರೂ ಗಿಡ ಕೆಟ್ಟರೆ ಉಪ್ಪು, ರೋಗ ಅಥವಾ ಗಂಟುಹುಳ ಹುಡುಕಿ. ಮೂರರಲ್ಲೂ ಗಿಡ ಚೆನ್ನಾಗಿ ಬಂದು ಹೊಲದಲ್ಲಿ ಮಾತ್ರ ಕೆಟ್ಟಿದ್ದರೆ, ಹಾರಿ ಬಂದ ಔಷಧಿ ಅಥವಾ ಪಂಪಿನ ಕಡೆ ತಿರುಗಿ.

ಉಳಿಕೆ ಅಂತ ಖಚಿತವಾದರೆ

ಕೆಟ್ಟ ಗಿಡಕ್ಕೆ ಮದ್ದಿಲ್ಲ. ಟಾನಿಕ್, ಹ್ಯೂಮಿಕ್, ಸತು ಸಿಂಪಡಣೆ ಯಾವುದೂ ಎಲೆಯೊಳಗಿನ ಅಟ್ರಾಜಿನ್ನನ್ನು ತೆಗೆಯೋದಿಲ್ಲ. ಹಾನಿ ಅಂಚಿಗೆ ಮಾತ್ರ ಇದ್ದು ಸುಳಿ ಚಿಗುರುತ್ತಿದ್ದರೆ ನೀರು ಕೊಟ್ಟು ಒಂದು ವಾರ ನೋಡಿ. ಅರ್ಧಕ್ಕಿಂತ ಹೆಚ್ಚು ಗಿಡ ಹೋಗಿದ್ದರೆ ಬಿಟ್ಟುಬಿಡುವುದು ಲಾಭ. ಅದೇ ಸಾಲಿನಲ್ಲಿ ಖಾಲಿ ಜಾಗಕ್ಕೆ ಮತ್ತೆ ಬೀಜ ಊರುವವರು ಜಾಸ್ತಿ. ಅದು ಬೀಜ ದಂಡ.

ನೀರಿದ್ದರೆ ಆಳವಾಗಿ ಉಳುಮೆ ಮಾಡಿ. ಔಷಧಿ ಮೇಲಿನ ಎರಡು ಮೂರು ಇಂಚಿನಲ್ಲಿದ್ದರೆ ಎಂಟು ಇಂಚಿಗೆ ಕಲೆತು ತೆಳುವಾಗುತ್ತದೆ. ಕೊಟ್ಟಿಗೆ ಗೊಬ್ಬರ ಹಾಕಿ, ಮಣ್ಣನ್ನು ಹದವಾಗಿ ಹಸಿ ಇಟ್ಟು ಸೂಕ್ಷ್ಮಜೀವಿಗಳಿಗೆ ಕೆಲಸ ಮಾಡಲು ಬಿಡಿ. ಮತ್ತೆ ಕುಂಡದ ಪರೀಕ್ಷೆ ಮಾಡಿಯೇ ತರಕಾರಿ ಹಾಕಿ. ಕಾಯಲು ಆಗದಿದ್ದರೆ ಅಟ್ರಾಜಿನ್ ತಾಳುವ ಬೆಳೆಗೆ ಹೋಗಿ: ಜೋಳ, ಸಜ್ಜೆ, ಮೇವಿನ ಮೆಕ್ಕೆಜೋಳ. ಮೇವಿಗೆ ಹೇಗಿದ್ದರೂ ಬೇಸಿಗೆಯಲ್ಲಿ ಗಿರಾಕಿ ಇರುತ್ತಾರೆ.

ಬೀಜದ ಮೇಲೆ ದೂರು ಕೊಡಬೇಕೆಂದಿದ್ದರೆ ಉಳುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ಕೊಡಿ, ಹಳೆ ಗಡಿ ಕಾಣುವ ಹಾಗೆ ಫೋಟೊ ತೆಗೆದಿಡಿ. ಕೃಷಿ ವಿಜ್ಞಾನ ಕೇಂದ್ರದವರಿಗೆ ಕುಂಡಗಳನ್ನೇ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕಳೆ ನಿರ್ವಹಣೆಗೇ ಒಂದು ಸಂಶೋಧನಾ ಕೇಂದ್ರ ಇದೆ.

ಅಕ್ಕಡಿ ಸಾಲು ಇದ್ದರೆ

ಮೆಕ್ಕೆಜೋಳದ ನಡುವೆ ತೊಗರಿ, ಅಲಸಂದೆ ಅಕ್ಕಡಿ ಹಾಕುವವರಿಗೆ ಈ ತೊಂದರೆ ಮುಂದಿನ ಬೆಳೆಯ ತನಕ ಕಾಯೋದಿಲ್ಲ, ಅದೇ ತಿಂಗಳು ಬರುತ್ತದೆ. ಮೆಕ್ಕೆಜೋಳ ನಳನಳಿಸುತ್ತದೆ, ತೊಗರಿ ಸಾಲು ಮಾತ್ರ ಮಾಯ. ಇಲ್ಲಿ ಪತ್ತೆ ಹಚ್ಚಲು ಏನೂ ಇಲ್ಲ. ಅಕ್ಕಡಿ ಇರುವ ಹೊಲಕ್ಕೆ ಅಟ್ರಾಜಿನ್ ಬೇಡ. ಬಿತ್ತಿದ ಒಂದೆರಡು ದಿನದಲ್ಲಿ, ಮಣ್ಣು ಹಸಿ ಇರುವಾಗ ಪೆಂಡಿಮೆಥಾಲಿನ್ 30 ಇ.ಸಿ. ಎಕರೆಗೆ ಸುಮಾರು ಒಂದು ಲೀಟರ್ ಹೊಡೆಯಿರಿ. ಬೀಜ ಮಣ್ಣಿನ ಒಳಗೆ ಸರಿಯಾಗಿ ಮುಚ್ಚಿರಬೇಕು, ಮೇಲೆ ಕಾಣುವ ಬೀಜಕ್ಕೆ ಅದೂ ತಾಗುತ್ತದೆ. ಅಕ್ಕಡಿ ಸಾಲಿನಲ್ಲಿ ಜೋಳ ಇದ್ದರೆ ಪೆಂಡಿಮೆಥಾಲಿನ್ನೂ ಬೇಡ, ಕುಂಟೆ ಹೊಡೆಯುವುದೇ ಸರಿ.